ಏರಿನಲ್ಲಿ ಮಾತ್ರ ಬರುವ ಸದ್ದು

ಹುಣಸೂರಿನಲ್ಲಿ ನಾನು ಬಾಡಿಗೆಗಿದ್ದ ವಠಾರದ ಅಂಗಳದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಸೈಕಲ್ಲು ತಲೆಕೆಳಗಾಗಿ ನಿಂತಿರುತ್ತಿತ್ತು. ಅದರ ಪಕ್ಕದಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ಕೈಯಿಂದ ಪೆಡಲು ತಿರುಗಿಸುತ್ತಾ ಕಿವಿಯನ್ನು ಚಕ್ರದ ಕಡೆಗೆ ವಾಲಿಸಿರುತ್ತಿದ್ದರು. ಮೊದಲ ಸಲ ನೋಡಿದಾಗ ಇದೇನೋ ಪೂಜೆ ಇರಬೇಕು ಎಂದುಕೊಂಡೆ. ಹಣೆಯ ಮೇಲೆ ವಿಭೂತಿ ಬೇರೆ ಇತ್ತು. ನಾನು ಪಕ್ಕದ ಮನೆಗೆ ಹೊಸದಾಗಿ ಬಂದವನು, ಪರಿಚಯ ಮಾಡಿಕೊಳ್ಳೋಣ ಎಂದು ಕೆಮ್ಮಿದೆ. ಅವರು ಕಣ್ಣು ಬಿಡಲಿಲ್ಲ.

"ಒಂದ್ ಗಳಿಗೆ ಸುಮ್ಕಿರಿ ಮೇಷ್ಟ್ರೇ. ಈಗಿನ್ನೂ ಹಿಡ್ದಿದ್ದೆ, ತಪ್ಪಿಸ್ಕಂಡ್ತು" ಎಂದರು.

ನಾನು ಮೇಷ್ಟ್ರೆಂದು ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ, "ಜೇಬಲ್ಲಿ ಸೀಮೆಸುಣ್ಣ ಲೊಟಲೊಟ ಅಂತಾ ಐತಲ್ಲ" ಎಂದರು. ನನಗೆ ಸ್ವಲ್ಪ ಅವಮಾನವೇ ಆಯಿತು. ಮಾರನೆಯ ದಿನದಿಂದ ಸೀಮೆಸುಣ್ಣವನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಳ್ಳತೊಡಗಿದೆ.

ಮೊನ್ನೆ ಅವರು ತೀರಿಕೊಂಡರೆಂದು ಕೇಳಿ, ಮೈಸೂರಿನಿಂದ ಬಸ್ಸು ಹತ್ತಿ ಹೋಗಿ ಅವರ ಮನೆಯವರನ್ನು ಮಾತಾಡಿಸಿಕೊಂಡು ಬಂದೆ. ಅವರ ಪೂರ್ತಿ ಚರಿತ್ರೆ ನನಗೆ ಗೊತ್ತಿಲ್ಲ. ಗೊತ್ತಿರುವುದನ್ನೆಲ್ಲ ಹೇಳುವ ಉತ್ಸಾಹವೂ ಇಲ್ಲ. ಒಂದು ಸದ್ದಿನ ವಿಚಾರ ಮಾತ್ರ ಹೇಳಬೇಕು. ಆ ಸದ್ದು ತಮ್ಮ ಸೈಕಲ್ಲಿನಲ್ಲಿದೆ, ಅದರ ದೆಸೆಯಿಂದ ಒಂದು ಮಗು ಹೋಯಿತು ಎಂದು ಅವರು ನಂಬಿಕೊಂಡಿದ್ದರು. ಅದನ್ನು ಹುಡುಕುತ್ತಾ ನಾಲ್ಕು ತಾಲ್ಲೂಕು ಅಲೆದರು. ಆ ಅಲೆದಾಟದಲ್ಲಿ ಬಹಳಷ್ಟು ಭಾನುವಾರ ನಾನು ಅವರ ಹಿಂದೆ ಸೈಕಲ್ಲು ತುಳಿದಿದ್ದೇನೆ.

ಅವರ ಕೆಲಸ ದಾಕು ಹಾಕುವುದು. ಈಗಿನವರಿಗೆ ಹೇಳಬೇಕಾಗಬಹುದು: ಸಿಡುಬು ಬಾರದಿರಲೆಂದು ತೋಳಿಗೆ ಒಂದು ಹನಿ ಮದ್ದು ಹಚ್ಚಿ, ಹಲ್ಲುಹಲ್ಲಾದ ಒಂದು ಪುಟ್ಟ ಬಿಲ್ಲೆಯನ್ನು ಅದರ ಮೇಲೆ ಒತ್ತಿ ತಿರುಗಿಸುತ್ತಿದ್ದರು. ಆ ಬಿಲ್ಲೆಗೆ ಹೆದರದ ಮಗುವನ್ನು ನಾನು ಕಂಡಿಲ್ಲ. ಅವರ ಮುಖದ ತುಂಬ ಸಿಡುಬಿನ ಕಲೆ. ಚಿಕ್ಕವರಿದ್ದಾಗ ಅವರಿಗೂ ಅವರ ತಂಗಿಗೂ ಒಟ್ಟಿಗೆ ಬಂದಿತ್ತಂತೆ, ತಂಗಿ ಉಳಿಯಲಿಲ್ಲವಂತೆ. ಇದನ್ನು ಒಂದೇ ಸಲ ಹೇಳಿದ್ದರು, ಅದೂ ಟಯರಿಗೆ ಗಾಳಿ ಹೊಡೆಯುತ್ತಾ. ಹಳ್ಳಿಗಳಲ್ಲಿ ಯಾರಾದರೂ "ಈ ದಾಕು ಯಾಕ್ ಬೇಕು ಸ್ವಾಮಿ" ಎಂದರೆ, "ನನ್ ಮಕ ನೋಡಿ, ಆಮೇಲ್ ಹೇಳಿ" ಎಂದು ದೀಪ ಹಿಡಿದವರಂತೆ ಮುಖವನ್ನು ಮುಂದಕ್ಕೆ ಚಾಚುತ್ತಿದ್ದರು.

ಆದರೂ ಜನ ಮಕ್ಕಳನ್ನು ಬಚ್ಚಿಡುತ್ತಿದ್ದರು. ಸಿಡುಬಿನ ದೇವತೆ ಅಮ್ಮ ಮುನಿಯುತ್ತಾಳೆ ಎಂಬ ಭಯ ಒಂದು, ಮಗುವಿಗೆ ಜ್ವರ ಬರುತ್ತದೆ ಎಂಬ ಭಯ ಇನ್ನೊಂದು. ಅವರು ಊರ ಬಾಗಿಲಿಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ಹೊಗೆಸೊಪ್ಪಿನ ಹೊಲಕ್ಕೋ ಕಬ್ಬಿನ ಗದ್ದೆಗೋ ಪರಾರಿ. "ದಾಕಪ್ಪ ಬಂದ ಕಣ್ರಲಾ!" ಎಂದು ಒಂದು ಕೂಗು ಎದ್ದರೆ ಸಾಕು, ಬೀದಿಯಲ್ಲಿ ಉಳಿಯುತ್ತಿದ್ದದ್ದು ಮುದುಕರು ಮತ್ತು ಕೋಳಿಗಳು. ಸರ್ಕಾರ ಕೊಟ್ಟ ಹೆಸರಿಗಿಂತ ಈ ದಾಕಪ್ಪ ಎಂಬ ಹೆಸರೇ ಅವರಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು.

ಇದಕ್ಕೆ ಅವರು ಕಂಡುಕೊಂಡ ಉಪಾಯ, ಸದ್ದಿಲ್ಲದ ಸೈಕಲ್ಲು. ಸದ್ದು ಕೇಳಿದರೆ ತಾನೇ ಓಡುವುದು? ಮದ್ದಿನ ತಗಡಿನ ಪೆಟ್ಟಿಗೆ ಕ್ಯಾರಿಯರಿನ ಮೇಲೆ ಕುಲುಕದಂತೆ ಕೆಳಗೆ ತೆಂಗಿನ ನಾರು ತುಂಬಿದರು. ಮಡ್‌ಗಾರ್ಡಿನ ಕಂಬಿಗಳಿಗೆ ಹಳೇ ಪಂಚೆಯ ಚೂರು ಸುತ್ತಿದರು. ಪಂಪನ್ನು ಮನೆಯಲ್ಲೇ ಬಿಟ್ಟರು. ಕೊನೆಗೆ ಬೆಲ್ಲನ್ನೂ ಬಿಚ್ಚಿದರು. ಕಲ್ಲಿನ ರಸ್ತೆಯಲ್ಲಿ ಅದು ತಾನಾಗಿಯೇ ಕಿಣಿಕಿಣಿ ಎನ್ನುತ್ತದೆ ಎಂಬುದು ಅದರ ಮೇಲಿನ ಆಪಾದನೆ. ಒಂದು ದಿನ ಪೇಟೆ ಬೀದಿಯಲ್ಲಿ ಪೊಲೀಸಿನವನು ಅಡ್ಡಹಾಕಿ, "ಬೆಲ್ ಎಲ್ರೀ?" ಎಂದು ಜೋರು ಮಾಡಿದಾಗ, ಕೋಟಿನ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ನಿಧಾನವಾಗಿ ಬಿಚ್ಚಿ, ಬೆಲ್ಲನ್ನು ಅಂಗೈ ಮೇಲಿಟ್ಟು ಒಂದು ಸಲ ಬಾರಿಸಿ ತೋರಿಸಿದರಂತೆ. ಪೊಲೀಸಿನವನಿಗೆ ನಗಬೇಕೋ ಬೈಯಬೇಕೋ ತಿಳಿಯದೆ, "ಓಗಿ, ಓಗಿ" ಎಂದನಂತೆ.

ಸೈಕಲ್ಲಿನ ಮೌನ ಕ್ರಮೇಣ ಅವರ ಮೈಗೂ ಬಂತು. ಬಾಗಿಲು ತೆರೆದರೆ ತಿಳಿಯುತ್ತಿರಲಿಲ್ಲ, ನಡೆದರೆ ತಿಳಿಯುತ್ತಿರಲಿಲ್ಲ. ಅವರ ಮನೆಯವರಿಗೆ, ಎಂದರೆ ಹೆಂಡತಿಗೆ, ಇದು ದೊಡ್ಡ ಕಿರುಕುಳ. ಒಲೆಯ ಮುಂದೆ ಕೂತಿರುವಾಗ ಬೆನ್ನ ಹಿಂದೆ ಬಂದು "ಸಾರಾಯ್ತಾ?" ಎಂದರೆ ಸೌಟು ಕೈಯಿಂದ ಹಾರುತ್ತಿತ್ತು. ಒಂದು ಸಲ ಹುಣಿಸೆ ಗೊಜ್ಜಿನ ಪಾತ್ರೆಯೇ ನೆಲಕ್ಕೆ ಬಿತ್ತು. ಆಕೆ ಕೂಗಿದ್ದು ಇಡೀ ವಠಾರಕ್ಕೆ ಕೇಳಿಸಿತು: "ಒಂದ್ಸಲ ಕೆಮ್ಕಂಡಾದ್ರೂ ಬರಬಾರ್ದಾ! ಕಳ್ಳ ಬಂದಂಗ್ ಬತ್ತೀರಲ್ಲ, ಎದೆ ಹೊಡ್ದೋಯ್ತದೆ ನನ್ಗೆ!" ಆಕೆಯ ಈ ಮಾತಿಗೆ ಆಗ ನಾವೆಲ್ಲ ನಕ್ಕಿದ್ದೆವು. ಅದರೊಳಗೆ ಎಷ್ಟು ವಿಷಯವಿತ್ತು ಎಂಬುದು ಆಮೇಲೆ ಗೊತ್ತಾಯಿತು.

ತಮ್ಮ ಸೈಕಲ್ಲು ಬಾಯಿ ಮುಚ್ಚಿದ ಮೇಲೆ ಅವರು ಊರವರ ಸೈಕಲ್ಲುಗಳಿಗೆ ಕಿವಿ ಕೊಟ್ಟರು. ಕೆ.ಆರ್. ನಗರದಿಂದ, ಪಿರಿಯಾಪಟ್ಟಣದಿಂದ ಕೂಡ ಜನ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಅವರೇನೂ ರಿಪೇರಿ ಮಾಡುತ್ತಿರಲಿಲ್ಲ. ಸದ್ದು ಎಲ್ಲಿದೆ ಎಂದು ಹೇಳಿ, ಸೈಕಲ್ ಶಾಪಿನ ಸಾಹೇಬರ ಹತ್ತಿರ ಕಳಿಸುತ್ತಿದ್ದರು, ಅಷ್ಟೆ. "ಸದ್ದು ಅನ್ನೋದು ಭಾರಿ ಸುಳ್ಳುಗಾರ ಕಣ್ರೀ" ಎನ್ನುತ್ತಿದ್ದರು. "ಪೆಡಲಲ್ಲಿ ಕೂತ್ಕಂಡು ಸೀಟಿಂದ ಕೂಗ್ತದೆ. ಸೀಟಲ್ಲಿ ಕೂತ್ಕಂಡು ಹ್ಯಾಂಡಲಿಂದ ಕೂಗ್ತದೆ. ಕೂಗಿದ್ ಕಡೆ ಓಡ್ದೋನು ಕೆಟ್ಟ." ಅವರ ಕ್ರಮ ಒಂದೇ. ಒಂದೊಂದಾಗಿ ತೆಗೆಯುತ್ತಾ ಹೋಗುವುದು. ಬೀಗ ತೆಗೆ, ತುಳಿ. ಸ್ಟ್ಯಾಂಡು ತೆಗೆ, ತುಳಿ. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ.

ಕಂದಾಯ ಇಲಾಖೆಯ ಒಬ್ಬ ಶೇಕ್ದಾರರ ಸೈಕಲ್ಲಿನ ಕಥೆ ಹೇಳಲೇಬೇಕು. ಹೊಸ ಸೈಕಲ್ಲು, ಆದರೂ ತುಳಿದಾಗಲೆಲ್ಲ ಜೀರ್ ಜೀರ್ ಎಂದು ಅಳುತ್ತಿತ್ತು. ಶಾಪಿನವರು ಚೈನು ಬದಲಿಸಿದರು, ಬೇರಿಂಗಿನ ಗೋಲಿಗಳನ್ನು ಬದಲಿಸಿದರು, ಅಳು ನಿಲ್ಲಲಿಲ್ಲ. ಇವರು ತುಳಿದರೆ ಸದ್ದಿಲ್ಲ, ಶೇಕ್ದಾರರು ತುಳಿದರೆ ಸದ್ದು. ತಾಲ್ಲೂಕು ಕಚೇರಿಯ ಮುಂದೆ ಗುಮಾಸ್ತರೆಲ್ಲ ನೋಡುತ್ತಿರುವಾಗಲೇ ಇವರು ಕೈಮುಗಿದು, "ಸ್ವಾಮಿ, ತಪ್ ತಿಳೀಬೇಡಿ, ಬೂಟ್ ಬಿಚ್ಚಿ ಒಂದ್ ಸುತ್ತು ತುಳೀರಿ" ಎಂದರು. ಶೇಕ್ದಾರರು ಬರಿಗಾಲಲ್ಲಿ ಅಂಗಳ ಸುತ್ತಿದರು. ಸದ್ದು ಮಾಯ. ಹೊಸ ಬೂಟಿನ ಚರ್ಮ ಅಳುತ್ತಿತ್ತು.

"ಸೈಕಲ್ಲು ಸರಿಯಾಗೈತೆ ಸ್ವಾಮಿ, ಸದ್ದು ತುಳಿಯೋರ್ದು" ಎಂದು ಇವರು ಎಷ್ಟು ವಿನಯದಿಂದ ಹೇಳಿದರೆಂದರೆ, ಶೇಕ್ದಾರರು ಸಿಟ್ಟು ಮಾಡಿಕೊಳ್ಳುವುದನ್ನೂ ಮರೆತರು. ಆಮೇಲೆ ಈ ಮಾತು ನಮ್ಮ ವಠಾರದಲ್ಲಿ ಬಳಕೆಗೆ ಬಂತು. ಸಾರು ಕೆಟ್ಟರೆ, ಮಗು ಪರೀಕ್ಷೆಯಲ್ಲಿ ಫೇಲಾದರೆ, "ಸದ್ದು ತುಳಿಯೋರ್ದು" ಎಂದು ಒಬ್ಬರನ್ನೊಬ್ಬರು ರೇಗಿಸುತ್ತಿದ್ದೆವು.

ಈಗ ಆ ಹಳ್ಳಿಯ ವಿಚಾರಕ್ಕೆ ಬರುತ್ತೇನೆ. ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಕಡೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಏರು ಇದೆ. ಏರು ಹತ್ತಿ, ಆಚೆ ಇಳಿದು, ಗಾಡಿ ಜಾಡಿನಲ್ಲಿ ಒಳಗೆ ತಿರುಗಿದರೆ ಆ ಹಳ್ಳಿ. ಅಲ್ಲಿ ಒಬ್ಬ ಅಜ್ಜಿ ಇದ್ದಳು. ಒಂದು ವರ್ಷ ಇವರು ಸದ್ದಿಲ್ಲದೆ ಹೋಗಿ ಆಕೆಯ ಜಗಲಿಯ ಮುಂದೆ ಇಳಿದಾಗ ಮನೆಯಲ್ಲಿ ಮಕ್ಕಳ ಸುಳಿವೇ ಇಲ್ಲ. ಅಜ್ಜಿ ರಾಗಿ ತುಂಬುವ ಮಣ್ಣಿನ ವಾಡೆಗೆ ಒರಗಿಕೊಂಡು ಎಲೆ ಅಡಿಕೆ ಹಾಕುತ್ತಾ, "ಮಕ್ಳಾ? ನಮ್ಮನೇಲಿ ಯಾವ್ ಮಕ್ಳಪ್ಪ?" ಎಂದಳು. ಅಷ್ಟರಲ್ಲಿ ವಾಡೆಯೊಳಗಿಂದ ಒಂದು ಸೀನು ಬಂತು.

"ಅವ್ವಾ, ನಿನ್ ರಾಗಿಗೆ ನೆಗಡಿ ಆಗೈತಲ್ಲವ್ವಾ" ಎಂದರು ಇವರು.

ಅಜ್ಜಿ ನಕ್ಕುಬಿಟ್ಟಳಂತೆ. ನಕ್ಕ ಮೇಲೆ ಬಚ್ಚಿಡುವುದು ಹೇಗೆ? ಮೊಮ್ಮಗನನ್ನು ಹೊರಗೆಳೆದು ತೋಳು ಕೊಡಿಸಿದಳು. ಅವನ ಅಕ್ಕ ಆ ಸಲ ಸೋದರತ್ತೆಯ ಊರಿಗೆ ಹೋಗಿದ್ದಳು. "ಮುಂದ್ಲ ಸಲ ಬಂದಾಗ ಅವಳ್ಗೂ ಹಾಕುವಿಯಂತೆ" ಎಂದು ಅಜ್ಜಿ ಒಪ್ಪಿಕೊಂಡಿದ್ದಳು.

ಮುಂದಿನ ಸಲ ಇವರು ಹೋದಾಗ ಆ ಹುಡುಗಿ ಓಡಿಹೋದಳು. ಕಾಯ್ದರು, ಕೂಗಿಸಿದರು, ಹೊಲಕ್ಕೆ ಹೋಗಿ ಹುಡುಕಿದರು, ಸಿಗಲಿಲ್ಲ. ಬೇರೆ ಊರುಗಳಿಗೆ ಹೋಗಬೇಕಿತ್ತು, ಹೋದರು. ಆ ಬೇಸಿಗೆಯಲ್ಲಿ ಆ ಹಳ್ಳಿಗೆ ಸಿಡುಬು ಬಂತು. ಹುಡುಗಿ ತೀರಿಕೊಂಡಳು. ಅವಳ ತಮ್ಮ ಅವಳ ಚಾಪೆಯ ಪಕ್ಕದಲ್ಲೇ ಆಡಿಕೊಂಡಿದ್ದ, ಅವನಿಗೆ ಏನೂ ಆಗಲಿಲ್ಲ.

ಸುದ್ದಿ ಕೇಳಿದ ದಿನ ಸಾಯಂಕಾಲ ಅಂಗಳಕ್ಕೆ ಬಂದು ಸೈಕಲ್ಲನ್ನು ತಲೆಕೆಳಗೆ ಮಾಡಿದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಮೇಷ್ಟ್ರೇ, ಇದ್ರಲ್ಲಿ ಒಂದ್ ಸದ್ದು ಸೇರ್ಕಂಡದೆ" ಎಂದರು. "ಸಂಕ್ರಾಂತಿಯಿಂದ್ಲೂ ಕೇಳ್ತಾ ಇವ್ನಿ. ಸಣ್ದು ಅಂತ ಬುಟ್ಟಿದ್ದೆ. ಟುಕ್, ಟುಕ್ ಅಂತದೆ. ಆ ಕೂಸು ಅದನ್ನ ಕೇಳೇ ಓಡಿರೋದು."

"ಅಷ್ಟು ಸಣ್ಣ ಸದ್ದು ಆ ಮಗುವಿಗೆ ಹೇಗೆ ಕೇಳಿಸುತ್ತದೆ?" ಎಂದೆ.

"ನನ್ಗೆ ಕೇಳ್ಸಿಲ್ವಾ?" ಎಂದರು.

ವಿಚಿತ್ರವೆಂದರೆ, ತಲೆಕೆಳಗೆ ನಿಲ್ಲಿಸಿ ತಿರುಗಿಸಿದರೆ ಆ ಸದ್ದು ಬರುತ್ತಿರಲಿಲ್ಲ. ಸಮನೆಲದಲ್ಲಿ ತುಳಿದರೂ ಬರುತ್ತಿರಲಿಲ್ಲ. ಏರಿನಲ್ಲಿ ಮಾತ್ರ ಬರುತ್ತಿತ್ತು. ಏರು ಹೆಚ್ಚಾದಷ್ಟೂ ಬೇಗಬೇಗ ಬರುತ್ತಿತ್ತು. ಇಳಿಜಾರಿನಲ್ಲಿ ಸ್ವಲ್ಪ ದೂರ ಹಿಂಬಾಲಿಸಿ ಆಮೇಲೆ ಕರಗುತ್ತಿತ್ತು. ನಾನು ಅವರ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹಿಂಬಾಲಿಸಿ ಕಿವಿ ನಿಮಿರಿಸಿದರೂ ನನಗೆ ಏನೂ ಕೇಳಿಸುತ್ತಿರಲಿಲ್ಲ. ಅದನ್ನು ಹೇಳಿದರೆ ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. "ದಿನಾ ಐಕ್ಳ ಗಲಾಟೇಲಿ ಇರೋರು ನೀವು, ಕಿವಿ ಮೊಂಡಾಗಿರ್ತದೆ ಬುಡಿ" ಎನ್ನುತ್ತಿದ್ದರು. ಸಾಹೇಬರ ಶಾಪಿನಲ್ಲಿ ಇನ್ನೂ ತಮಾಷೆ. ಇಷ್ಟು ವರ್ಷ ಇವರು ತೋರಿಸಿದ ಕಡೆಯೆಲ್ಲ ಸದ್ದು ಸಿಕ್ಕಿದ್ದರಿಂದ, ಈಗ ಕೇಳಿಸುತ್ತಿಲ್ಲ ಎಂದು ಒಪ್ಪಿಕೊಳ್ಳಲು ಸಾಹೇಬರಿಗೆ ಧೈರ್ಯ ಸಾಲದು. "ಹಾಂ ಹಾಂ, ಬರ್ತಾ ಅದೆ, ಬರೋಬ್ಬರಿ ಬರ್ತಾ ಅದೆ" ಎಂದು ತಲೆಯಾಡಿಸಿ ಏನನ್ನಾದರೂ ಬದಲಿಸುತ್ತಿದ್ದರು. ಹೀಗೆ ಪೆಡಲುಗಳು ಹೋದವು, ಚೈನು ಹೋಯಿತು, ಸೀಟಿನ ಸ್ಪ್ರಿಂಗು ಹೋಯಿತು.

ಹುಣಸೂರಿನಲ್ಲಿ ಆಗದಿದ್ದರೆ ಪಿರಿಯಾಪಟ್ಟಣ, ಅಲ್ಲಿ ಆಗದಿದ್ದರೆ ಕೆ.ಆರ್. ನಗರ. ಎಲ್ಲೇ ಹೋದರೂ ಮೊದಲು ಒಂದು ಏರು ಹುಡುಕಬೇಕಾಗಿತ್ತು. ಕೆ.ಆರ್. ನಗರದ ಸುತ್ತ ಗದ್ದೆ ಬಯಲು, ಏರಿಗೇನು ಮಾಡುವುದು? ನಾಲೆಯ ಏರಿಯನ್ನೇ ಹತ್ತಿಳಿದು ಹತ್ತಿಳಿದು ಅಲ್ಲಿಯ ಮೆಕ್ಯಾನಿಕ್ಕನಿಗೆ ಸದ್ದು ಕೇಳಿಸಲು ಹೊರಟರು. ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿಕೊಂಡು ನೋಡುತ್ತಿದ್ದರು. ಒಬ್ಬ, "ಯಾಕ್ ಸ್ವಾಮಿ, ಏನಾರ ಹರಕೆಯಾ?" ಎಂದು ಕೇಳಿದ. ಹೌದು ಎಂದುಬಿಟ್ಟೆ. ನನಗೆ ನಾಚಿಕೆಯಾಗುತ್ತಿತ್ತು, ಬಿಸಿಲಿನಲ್ಲಿ ತಲೆ ಸಿಡಿಯುತ್ತಿತ್ತು. ಆದರೆ ಏರಿ ಹತ್ತಿ ಬಂದು ನಿಂತಾಗಿನ ಅವರ ಮುಖ ನೋಡಿದರೆ, ಸಾಕು ನಡೆಯಿರಿ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ.

ಆ ಹಳ್ಳಿಗೆ ಮಾತ್ರ ಅವರು ಹೋಗಲಿಲ್ಲ. ಕಟ್ಟೆಮಳಲವಾಡಿಯ ಕಡೆ, ಬೇರೆ ಬೇರೆ ಕಡೆ ಹೋಗಿ ದಾಕು ಹಾಕಿ ಬರುತ್ತಿದ್ದರು. ಹೆಗ್ಗಡದೇವನಕೋಟೆ ದಾರಿಯ ಸರದಿ ಬಂದರೆ ಏನಾದರೊಂದು ನೆಪ ಹೇಳಿ ಮುಂದಕ್ಕೆ ಹಾಕುತ್ತಿದ್ದರು. ಅಲ್ಲಿ ಇನ್ನೂ ದಾಕು ಹಾಕಿಸಿಕೊಳ್ಳದ ಮಕ್ಕಳಿದ್ದರು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಈ ಸದ್ದಿಟ್ಕಂಡು ಹೋದ್ರೆ ಇನ್ನೊಂದ್ ಕೂಸು ಓಡ್ತದೆ" ಎಂದರು. "ಸಿಗದಿದ್ರೆ ಈ ಕೆಲ್ಸ ಬುಟ್ಬುಡ್ತೀನಿ. ಮೈಸೂರಲ್ಲಿ ಆಫೀಸಿನ ಒಳಗೆ ಕೂತ್ಕಳೋ ಕೆಲ್ಸ ಕೇಳ್ತೀನಿ."

ಅವರು ಆಫೀಸಿನಲ್ಲಿ ಕೂತಿರುವುದನ್ನು ನನಗೆ ಊಹಿಸಿಕೊಳ್ಳಲು ಆಗಲಿಲ್ಲ. ಆ ಹೊತ್ತಿಗೆ ಬಡಕಲಾಗಿದ್ದರು, ಸಣ್ಣ ಮಾತಿಗೂ ರೇಗುತ್ತಿದ್ದರು. ಅವರ ಮನೆಯವರು ಒಂದು ದಿನ ನನ್ನನ್ನು ಬಾಗಿಲಲ್ಲಿ ತಡೆದು, "ಮೇಷ್ಟ್ರೇ, ಆ ಸೈಕಲ್ಲನ್ನ ಎಲ್ಲಾದ್ರೂ ಕೆರೆಗೆ ತಳ್ಬುಡಿ, ನಿಮ್ಗೆ ಪುಣ್ಯ ಬತ್ತದೆ" ಎಂದು ಕಣ್ಣೊರೆಸಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ನಾನೇ ಹಟ ಹಿಡಿದು ಅವರನ್ನು ಕೋಟೆ ದಾರಿಯ ಆ ಏರಿಗೆ ಕರೆದುಕೊಂಡು ಹೋದೆ. ಅದಕ್ಕಿಂತ ದೊಡ್ಡ ಏರು ನಮ್ಮ ಸುತ್ತಮುತ್ತ ಇಲ್ಲ, ಅಲ್ಲಿ ಸಿಗದಿದ್ದರೆ ಎಲ್ಲೂ ಸಿಗುವುದಿಲ್ಲ ಎಂದೆ. ಮದ್ದಿನ ಪೆಟ್ಟಿಗೆಯೂ ಇರಲಿ ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು, ಆದರೆ ಪೆಟ್ಟಿಗೆ ಕಟ್ಟಿಕೊಂಡರು.

ಮೊದಲು ಅವರು ತುಳಿದರು, ಸದ್ದು ಬಂತು ಎಂದರು. ಸೈಕಲ್ಲು ಬದಲಾಯಿಸಿಕೊಂಡೆವು. ಅವರ ಸೈಕಲ್ಲನ್ನು ನಾನು ತುಳಿದೆ, ನನ್ನದರ ಮೇಲೆ ಅವರು ಪಕ್ಕದಲ್ಲೇ ಬಂದರು. "ಬತ್ತಾ ಐತೆ, ಬತ್ತಾ ಐತೆ, ನಿಮ್ಗೆ ಕೇಳ್ತಿಲ್ವಾ?" ಎಂದು ಏದುಸಿರು ಬಿಡುತ್ತಾ ಕೂಗಿದರು. ಮತ್ತೆ ಕೆಳಗೆ ಬಂದೆವು. ಈ ಸಲ ಇಳಿದು ತಳ್ಳಿಕೊಂಡು ಹತ್ತಿದರು. ಪೆಡಲು ತಿರುಗುತ್ತಿಲ್ಲ, ಚೈನು ಓಡುತ್ತಿಲ್ಲ, ಆದರೂ ಸದ್ದು.

"ಹಂಗಾದ್ರೆ ಚಕ್ರದ್ದೇ" ಎಂದರು ಅವರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಕಳೆ ಬಂತು. ಇನ್ನೊಮ್ಮೆ ಕೆಳಗಿಳಿದ ಮೇಲೆ ಹೇಳಿದರು: "ನೀವ್ ಇಲ್ಲೇ ನಿಂತಿರಿ. ನಾನ್ ಮೇಲಕ್ಕೋಯ್ತೀನಿ. ಅಲ್ಲಿಂದ ಕೈ ಬೀಸ್ದಾಗ ನೀವು ಹತ್ಕಂಡ್ ಬನ್ನಿ. ದೂರದಿಂದ ಹತ್ರಕ್ ಬರೋವಾಗ ಕೇಳುದ್ರೆ ಯಾವ್ ಚಕ್ರ ಅಂತ ಗೊತ್ತಾಯ್ತದೆ."

ಅವರ ಸೈಕಲ್ಲನ್ನು ಒಂದು ಹೊಂಗೆ ಮರಕ್ಕೆ ಒರಗಿಸಿ ನಾನು ನೆರಳಲ್ಲಿ ನಿಂತೆ. ಅವರು ಕೋಟಿನ ಗುಂಡಿ ಬಿಚ್ಚಿಕೊಂಡು, ಬರಿಗೈಯಲ್ಲಿ, ಬೇಗಬೇಗ ಏರು ಹತ್ತಿದರು. ತುದಿಯಲ್ಲಿ ಮೈಲಿಕಲ್ಲಿನ ಹತ್ತಿರ ನಿಂತು ನನ್ನ ಕಡೆ ತಿರುಗಿದರು. ಕೈ ಎತ್ತಿದರು. ಬೀಸಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು.

"ಮೇಷ್ಟ್ರೇ, ತುಳೀತಾ ಇದೀರಾ?" ಎಂದು ಮೇಲಿನಿಂದ ಕೂಗಿದರು.

"ಇಲ್ಲ! ಇನ್ನೂ ಹತ್ತೇ ಇಲ್ಲ!" ಎಂದು ಕೂಗಿದೆ.

"ಸೈಕಲ್ ಎಲ್ಲೈತೆ?"

"ಮರಕ್ಕೆ ಒರಗಿದೆ!"

ಅವರು ಕೈ ಇಳಿಸಿದರು. ಎರಡೂ ಕಿವಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೈಲಿಕಲ್ಲಿನ ಮೇಲೆ ಕೂತರು. ನನಗೆ ಗಾಬರಿಯಾಗಿ ಓಡಿದೆ. ನಾನು ಹೋಗುವಷ್ಟರಲ್ಲಿ ಅವರು ಎಡಗೈಯಿಂದ ತಮ್ಮ ಬಲಗೈಯ ನಾಡಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಅಂಗಳದಲ್ಲಿ ಸೈಕಲ್ಲಿನ ಪಕ್ಕ ಕೂರುತ್ತಿದ್ದ ಹಾಗೆಯೇ ತಲೆ ವಾಲಿಸಿ ಕೂತಿದ್ದರು.

"ಸಿಕ್ತು ಕಣ್ರೀ" ಎಂದರು.

"ಎಲ್ಲಿ?"

ಬೆರಳಿನಿಂದ ಕಿವಿಯ ಹಿಂದೆ ಮುಟ್ಟಿ ತೋರಿಸಿದರು. "ಇಲ್ಲಿ. ನಾಡಿ ಹೊಡ್ದಂಗೆಲ್ಲ ಟುಕ್ ಅಂತದೆ. ನಂದೇ."

ಶೇಕ್ದಾರರ ಬೂಟು ನೆನಪಿಗೆ ಬಂದು ನನಗೆ ನಗು ಬರುವ ಹಾಗಾಯಿತು, ಆದರೆ ಅವರ ತುಟಿ ಬಿಳಿಚಿಕೊಂಡಿದ್ದನ್ನು ನೋಡಿ ನಗು ಹೋಗಿ ಭಯವಾಯಿತು. ಆಸ್ಪತ್ರೆಗೆ ಹೋಗೋಣ ಎಂದೆ. ಅದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಏರಿನ ಕೆಳಗೆ ಮರಕ್ಕೆ ಒರಗಿದ್ದ ಸೈಕಲ್ಲನ್ನೇ ನೋಡುತ್ತಿದ್ದರು.

"ಸದ್ಯ, ಸೈಕಲ್ಲಿಗೆ ಏನೂ ಆಗಿಲ್ಲ" ಎಂದರು.

ಆ ಸಮಾಧಾನ ಬಹಳ ಹೊತ್ತು ಇರಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟು ನಿಂತರು. "ಅಲ್ಲ ಮೇಷ್ಟ್ರೇ, ಹಂಗಾದ್ರೆ ಆ ಕೂಸಿಗೆ ಏನ್ ಕೇಳ್ಸಿ ಓಡ್ತು?"

ಹಳ್ಳಿ ಅಲ್ಲೇ ಕೆಳಗೆ ಕಾಣುತ್ತಿತ್ತು. ಹೋಗಿ ಕೇಳಿಬಿಡೋಣ ಎಂದೆ. ನಾನು ಎರಡೂ ಸೈಕಲ್ಲನ್ನು ಒಂದೊಂದಾಗಿ ಮೇಲಕ್ಕೆ ತಂದೆ. ಇಬ್ಬರೂ ನಿಧಾನವಾಗಿ ಆಚೆ ಇಳಿದು ಗಾಡಿ ಜಾಡಿಗೆ ತಿರುಗಿದೆವು. ನನ್ನ ಸೈಕಲ್ಲು ಲಟಲಟ ಎನ್ನುತ್ತಾ ಮೊದಲು ಊರೊಳಗೆ ಹೋಯಿತು. ಹುಣಿಸೆ ಮರದ ಕೆಳಗೆ ಮಲಗಿದ್ದ ನಾಯಿಗಳು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡವು. ಹಿಂದೆಯೇ ಅವರು ಸದ್ದಿಲ್ಲದೆ ಬಂದರು. ನಾಯಿಗಳು ಬೆಂಕಿ ತುಳಿದ ಹಾಗೆ ಎದ್ದು ನಿಂತು, ಊರು ಹಾರಿಹೋಗುವಂತೆ ಬೊಗಳಿದವು. ಎಲ್ಲಿಂದಲೋ "ದಾಕಪ್ಪ!" ಎಂಬ ಕೂಗು ಕೇಳಿಸಿತು, ಮಕ್ಕಳ ಕಾಲು ದಡದಡ ಓಡಿದ್ದು ಕೇಳಿಸಿತು.

ಅಜ್ಜಿ ಅದೇ ಜಗಲಿಯ ಮೇಲಿದ್ದಳು. ಮೊದಲಿಗಿಂತ ಕುಗ್ಗಿದ್ದಳು. ಇವರು ಎದುರಿಗೆ ನಿಂತು ಕೇಳಿದರು: "ಅವ್ವಾ, ನಾನ್ ಬರೋದು ನಿಮ್ಗೆ ಹೆಂಗ್ ಗೊತ್ತಾಯ್ತದೆ? ನನ್ ಸೈಕಲ್ ಸದ್ದು ಮಾಡ್ತದಾ?"

"ನಿನ್ ಸೈಕಲ್ ಸದ್ದಾ?" ಎಂದಳು ಅಜ್ಜಿ. "ಅದ್ಯಾವತ್ ಸದ್ ಮಾಡಿತ್ತಪ್ಪ? ಗಾಳಿ ಬಂದಂಗ್ ಬತ್ತೀಯ. ಅದ್ಕೆ ಅಲ್ವಾ ನಾಯ್ಗೊಳು ಅಂಗ್ ಬೊಗುಳೋದು. ಬ್ಯಾರೆಯೋರ್ ಸೈಕಲ್ ಅರ್ಧ ಮೈಲಿಯಿಂದ್ಲೇ ಲಟಲಟ ಅಂತಾ ಬತ್ತದೆ, ನಾಯ್ಗೊಳು ಕ್ಯಾರೇ ಅನ್ನಕಿಲ್ಲ. ನೀನು ಮೂತಿ ಮುಂದ್ ಬರೋಗಂಟ ಗೊತ್ತಾಗಕಿಲ್ಲ. ಬೆದ್ರುಕೊಂಡು ಬೊಗುಳ್ತವೆ. ನಾಯಿ ಅಂಗ್ ಬೊಗುಳುದ್ರೆ ದಾಕಪ್ಪನೇ ಅಂತ ಊರಿಗೆಲ್ಲ ಗೊತ್ತು ಕಣಪ್ಪ."

ಸೌಟು ಹಾರಿದ್ದು, ಗೊಜ್ಜಿನ ಪಾತ್ರೆ ಬಿದ್ದದ್ದು, ಅವರ ಮನೆಯವರು ಕೂಗಿದ್ದು ಎಲ್ಲ ನನಗೆ ನೆನಪಾಯಿತು. ಅವರಿಗೂ ನೆನಪಾಗಿರಬೇಕು. ಜಗಲಿಯ ಅಂಚಿನಲ್ಲಿ ಕುಸಿದು ಕೂತರು.

"ಹಂಗಾದ್ರೆ ನಾನು ಸದ್ದಿಲ್ದೆ ಬಂದಿದ್ದಕ್ಕೇ ಆ ಕೂಸು ಓಡ್ತು" ಎಂದರು.

"ನೀನ್ ಯಾಕಪ್ಪ ಅದನ್ನ ಮೇಲ್ ಹಾಕ್ಕತೀಯ" ಎಂದಳು ಅಜ್ಜಿ. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಾ ಕೂತಳು. "ಅದು ಇಲ್ಲೇ ನನ್ ತೊಡೆ ಮೇಲ್ ತಲೆ ಮಡೀಕಂಡಿತ್ತು, ಹೇನ್ ನೋಡ್ತಿದ್ದೆ. ನಾಯಿ ಬೊಗುಳ್ತು. ಹಾಕುಸ್ತೀನಿ ಅಂತ ನಿನ್ಗೆ ಮಾತ್ ಕೊಟ್ಟಿದ್ದೆ, ಆದ್ರೂ ಆ ಗಳಿಗೇಲಿ ಅದೇನ್ ಬಂತೋ. ನಾನೇ ಕಣಪ್ಪ, ಓಡು ಮಗಾ ಅಂದೋಳು."

ನನಗೆ ಅಳು ಬಂತು, ಮುಚ್ಚಿಡುವುದೇಕೆ. ಅವರು ಅಳಲಿಲ್ಲ. ಎದ್ದು ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತರು. ನಾಯಿಗಳು ಸುಮ್ಮನಾದವು.

ಆಮೇಲೆ ಅವರು ಕೋಟಿನ ಜೇಬಿಗೆ ಕೈ ಹಾಕಿ ಕರವಸ್ತ್ರದ ಗಂಟು ತೆಗೆದರು. ಬೆಲ್ಲನ್ನು ಸೈಕಲ್ಲಿಗೆ ಹಾಕಿ ಬಿಗಿದರು. ಸೈಕಲ್ಲು ತಳ್ಳಿಕೊಂಡು, ಬೆಲ್ಲು ಬಾರಿಸುತ್ತಾ ಊರನ್ನು ಒಂದು ಸುತ್ತು ಬಂದರು. ಬಾರಿಸಿಕೊಂಡು ಬರುವ ದಾಕಪ್ಪನನ್ನು ಆ ಊರು ಕಂಡಿರಲಿಲ್ಲ. ಜನ ಬಾಗಿಲಿಗೆ ಬಂದರು. ಅಜ್ಜಿ ಜಗಲಿಯಿಂದ ಇಳಿದು, ಮೊಮ್ಮಗನ ರಟ್ಟೆ ಹಿಡಿದು ಅವರ ಜೊತೆ ಮನೆಮನೆಗೂ ಹೋದಳು. ಅವನ ತೋಳಿನ ಮೇಲಿದ್ದ ದಾಕಿನ ಕಲೆ ತೋರಿಸಿ, "ಇದ ನೋಡ್ರವ್ವಾ, ಇದ್ ಹಾಕುಸ್ಕಂಡೋನು ಉಳ್ದ" ಎನ್ನುತ್ತಿದ್ದಳು. ಮುಂದಿನದನ್ನು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಓಡುವ ಮಕ್ಕಳು ಓಡಿದರು, ಆದರೆ ಅಂದು ಅವರ ತಾಯಂದಿರೇ ಹೊಲಕ್ಕೆ ಹೋಗಿ ಎಳೆದುಕೊಂಡು ಬಂದರು.

ಮೈಸೂರಿನ ಡಾಕ್ಟರು ರಕ್ತದ ಒತ್ತಡ ಎಂದರು, ಉಪ್ಪು ಬಿಡಬೇಕು, ಏರು ಬಂದರೆ ಇಳಿದು ನಿಧಾನವಾಗಿ ತಳ್ಳಬೇಕು ಎಂದರು. ಆಫೀಸಿನ ಕೆಲಸ ಕೇಳುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಪಿಂಚಣಿಯಾಗುವವರೆಗೂ ಬೆಲ್ಲು ಬಾರಿಸಿಕೊಂಡೇ ಊರೂರು ತಿರುಗಿದರು. ಉಪ್ಪಿಲ್ಲದ ಸಾರನ್ನು ವಠಾರಕ್ಕೆಲ್ಲ ಕೇಳುವ ಹಾಗೆ ಬೈದುಕೊಂಡು ಉಣ್ಣುತ್ತಿದ್ದರು. ಮನೆಯೊಳಗೆ ಕೆಮ್ಮಿಕೊಂಡು ಬರುವುದನ್ನು ಕಲಿತರು. ದಾರಿಯಲ್ಲಿ ಏರು ಶುರುವಾದರೆ, "ಬಂದ್ರು ನೋಡಿ ನಮ್ ಶೇಕ್ದಾರ್ರು" ಎಂದು ಸೈಕಲ್ಲಿಳಿಯುತ್ತಿದ್ದರು.

ನನಗೆ ಮೈಸೂರಿಗೆ ವರ್ಗವಾದ ಮೇಲೆ ಭೇಟಿ ಕಡಿಮೆಯಾಯಿತು. ಮೊನ್ನೆ ಹೋದಾಗ ಅವರ ಮನೆಯವರು ಹೇಳಿದ್ದಿಷ್ಟು.

"ಬೆಳಿಗ್ಗೆ ಎದ್ದೋರೆ, ಲೇ ಇವಳೇ, ಸದ್ದು ನಿಂತೋಗೈತೆ ಕಣೇ ಅಂದ್ರು. ಎಷ್ಟೋ ವರ್ಷದಿಂದ ಕೂತ್ರೂ ನಿಂತ್ರೂ ಕೇಳೋ ಹಂಗಾಗಿತ್ತಲ್ಲ ಮೇಷ್ಟ್ರೇ ಅವರ್ಗೆ. ಕಿವೀನೇ ಹೋಯ್ತೇನೋ ಅಂತ ನಾನು ಹೆದ್ರುದೆ. ಅವ್ರೂ ಹಂಗೇ ಅಂದ್ಕಂಡ್ರು ಅಂತ ಕಾಣ್ತದೆ, ಅಂಗಳಕ್ಕೋಗಿ ಬೆಲ್ ಬಾರ್ಸುದ್ರು. ಬೆಲ್ ಚೆನ್ನಾಗ್ ಕೇಳ್ತದೆ, ಕಿವಿ ಸರಿಯಾಗೈತೆ, ಸದ್ದೇ ಹೋಗಿರೋದು ಅಂತ ನಕ್ರು. ಕಾಫಿ ಇಡು, ಏರು ಹತ್ತಿ ನೋಡ್ಕಂಡ್ ಬತ್ತೀನಿ ಅಂದ್ರು. ಬೇಡ ಅಂದೆ. ಕೇಳ್ಬೇಕಲ್ಲ. ಬೀದಿ ತಿರುಗೋಗಂಟ ಬೆಲ್ ಬಾರ್ಸ್ಕಂಡೇ ಹೋದ್ರು."

ನೋಡಿದವರು ಹೇಳಿದರಂತೆ, ಏರಿನಲ್ಲಿ ಇಳಿಯದೆ ತುಳಿದುಕೊಂಡೇ ಹತ್ತಿದರಂತೆ. ಮೇಲೆ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ್ದರಂತೆ. ಮೈಲಿಕಲ್ಲಿಗೆ ಒರಗಿ, ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ ಕೂತಿದ್ದರಂತೆ. ಏನೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಜನ ಮಾತಾಡಿಸದೆ ಮುಂದೆ ಹೋದರಂತೆ.

ಹೊರಡುವಾಗ ಅಂಗಳದಲ್ಲಿ ಸೈಕಲ್ಲು ನಿಂತಿತ್ತು. ಸುಮ್ಮನೆ ಹೋಗಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕೈಯಿಂದ ಪೆಡಲು ತಿರುಗಿಸಿದೆ. ಹಿಂದಿನ ಚಕ್ರ ತಿರುಗುತ್ತಿದ್ದದ್ದು ಮುಖಕ್ಕೆ ಬಡಿದ ಗಾಳಿಯಿಂದ ಮಾತ್ರ ಗೊತ್ತಾಗುತ್ತಿತ್ತು.

"ಏನಾದ್ರೂ ಕೇಳುಸ್ತಾ ಮೇಷ್ಟ್ರೇ?" ಎಂದು ಆಕೆ ಒಳಗಿನಿಂದ ಕೇಳಿದರು.

"ಇಲ್ಲಮ್ಮ" ಎಂದೆ. "ಏನೂ ಇಲ್ಲ."